ಒಳ್ಳೆಯ ವಕೀಲರೆಂದರೆ ಯಾರು?

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಒಳ್ಳೆಯ ಡಾಕ್ಟರು ಯಾರಿದ್ದಾರೆ ಎಂದು ಕೇಳುತ್ತೇವೆ. ಪೊಲೀಸ್ ಠಾಣೆಯಿಂದ ಫೋನು ಬಂದರೆ, ಅಣ್ಣತಮ್ಮಂದಿರ ನಡುವೆ ಆಸ್ತಿಯ ಮಾತುಕತೆ ಮುರಿದುಬಿದ್ದರೆ, ಮಗಳ ಸಂಸಾರ ಕೋರ್ಟಿನ ಬಾಗಿಲಿಗೆ ಬಂದು ನಿಂತರೆ ಒಳ್ಳೆಯ ವಕೀಲರು ಯಾರಿದ್ದಾರೆ ಎಂದು ಕೇಳುತ್ತೇವೆ. ಎರಡೂ ಪ್ರಶ್ನೆಗಳು ಕೇಳಲು ಒಂದೇ ರೀತಿ ಇವೆ. ಆದರೆ ಒಳ್ಳೆಯ ಡಾಕ್ಟರೆಂದರೆ ರೋಗ ವಾಸಿ ಮಾಡುವವರು ಎಂಬುದರಲ್ಲಿ ಯಾರಿಗೂ ಗೊಂದಲವಿಲ್ಲ. ವಕೀಲರ ವಿಷಯ ಹಾಗಲ್ಲ. ಕೇಸು ಗೆದ್ದುಕೊಡುವವರು ಒಳ್ಳೆಯವರೇ? ಜಡ್ಜರ ಮುಂದೆ ಗಟ್ಟಿ ದನಿಯಲ್ಲಿ ವಾದಿಸುವವರೇ? ಠಾಣೆಯಲ್ಲಿ ಪರಿಚಯವಿರುವವರೇ? ನಮ್ಮ ಜಾತಿ, ನಮ್ಮ ಧರ್ಮದವರೇ? ಕಡಿಮೆ ಫೀಸು ತೆಗೆದುಕೊಳ್ಳುವವರೇ? ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಸಿಗುತ್ತದೆ.

ಈ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಪ್ರಶ್ನೆ ಇದೆ. ಅದನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ವಕೀಲರನ್ನು ನಾವು ಆರಿಸಿಕೊಳ್ಳುತ್ತೇವೆ ಎಂದು ನಂಬಿದ್ದೇವೆ. ವಕೀಲರೇ ಕಕ್ಷಿದಾರನ ಹೆಸರು, ಊರು, ಆತನ ಮೇಲಿನ ಆರೋಪ ನೋಡಿ ಆರಿಸತೊಡಗಿದರೆ ಏನಾಗುತ್ತದೆ? ಇಡೀ ಊರಿನ ವಕೀಲರೆಲ್ಲ ಒಟ್ಟಾಗಿ ಇಂಥವರಿಗೆ ವಕಾಲತ್ತು ಹಾಕುವುದಿಲ್ಲ ಎಂದರೆ ಆರಿಸಿಕೊಳ್ಳುವ ಮಾತೆಲ್ಲಿ ಉಳಿಯಿತು? ಇದು ಕಲ್ಪನೆಯ ಮಾತಲ್ಲ. 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ನಡೆದದ್ದು.

ಗೋಕುಲ ರಸ್ತೆಯ ಪ್ರಕರಣ

ಗೋಕುಲ ರಸ್ತೆ ಹುಬ್ಬಳ್ಳಿಯ ಗಡಿಬಿಡಿಯ ರಸ್ತೆಗಳಲ್ಲೊಂದು. ಹೊಸ ಬಸ್ ನಿಲ್ದಾಣ, ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣ ಎಲ್ಲವೂ ಆ ದಾರಿಯಲ್ಲೇ ಇವೆ. ವಿಮಾನ ನಿಲ್ದಾಣದ ಎದುರು ಕೆಎಲ್‌ಇ ತಾಂತ್ರಿಕ ಕಾಲೇಜು ಇದೆ. ಅಲ್ಲಿ ಓದುತ್ತಿದ್ದ ಕಾಶ್ಮೀರದ ಮೂವರು ವಿದ್ಯಾರ್ಥಿಗಳು, ಪುಲ್ವಾಮಾ ದಾಳಿಯ ಮೊದಲ ವರ್ಷದ ಸಂದರ್ಭದಲ್ಲಿ, ಪಾಕಿಸ್ತಾನದ ಪರ ಘೋಷಣೆಯಿದ್ದ ವಿಡಿಯೋ ಮಾಡಿ ಹರಿಯಬಿಟ್ಟರು ಎಂಬ ಆರೋಪ ಬಂತು. ಗೋಕುಲ ರಸ್ತೆ ಪೊಲೀಸ್ ಠಾಣೆಯಲ್ಲಿ ರಾಜದ್ರೋಹದ ಕಲಮು ಸೇರಿಸಿ ಪ್ರಕರಣ ದಾಖಲಾಯಿತು. ಮೊದಲು ಬಂಧಿಸಿದ ಪೊಲೀಸರು ಬಾಂಡ್ ಬರೆಸಿಕೊಂಡು ಬಿಟ್ಟರು. ಪ್ರತಿಭಟನೆ ಜೋರಾದಾಗ ಮತ್ತೆ ಬಂಧಿಸಿದರು. ನ್ಯಾಯಾಲಯಕ್ಕೆ ಕರೆತಂದಾಗ ಆವರಣದಲ್ಲೇ ಘೋಷಣೆ ಕೂಗಿ ಅವರ ಮೇಲೆ ಕೈಮಾಡುವ ಯತ್ನ ನಡೆಯಿತು.

ಅದೇ ಹೊತ್ತಿಗೆ ಹುಬ್ಬಳ್ಳಿ ವಕೀಲರ ಸಂಘ ಒಂದು ನಿರ್ಣಯ ಮಾಡಿತು: ಈ ಮೂವರ ಪರವಾಗಿ ಸಂಘದ ಯಾವ ಸದಸ್ಯರೂ ವಕಾಲತ್ತು ವಹಿಸಬಾರದು. ಅದಕ್ಕೆ ಒಂದು ತಿಂಗಳ ಹಿಂದೆ ಮೈಸೂರಿನಲ್ಲೂ ಹೀಗೆಯೇ ಆಗಿತ್ತು. ವಿಶ್ವವಿದ್ಯಾನಿಲಯದ ಆವರಣದ ಪ್ರತಿಭಟನೆಯೊಂದರಲ್ಲಿ ಕಾಶ್ಮೀರದ ಬಗೆಗಿನ ಫಲಕ ಹಿಡಿದ ಯುವತಿಯ ಪರ ಯಾರೂ ಹಾಜರಾಗಬಾರದೆಂದು ಅಲ್ಲಿನ ವಕೀಲರ ಸಂಘ ತೀರ್ಮಾನಿಸಿತ್ತು.

ಊರಿನ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಕೆಲವು ವಕೀಲರು ಹೈಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರಿದ್ದ ಪೀಠ, ಇಂಥ ನಿರ್ಣಯ ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ ಎಂದು ಎತ್ತಿ ತೋರಿಸಿತು. ಆರೋಪಿಗಳ ಪರ ಅರ್ಜಿ ಹಾಕಲು ಹೋಗುವ ವಕೀಲರಿಗೆ ರಕ್ಷಣೆ ಕೊಡುವಂತೆ ಪೊಲೀಸರಿಗೆ ಆದೇಶಿಸಿತು. ಆ ರಕ್ಷಣೆಯಲ್ಲೇ ಅವರು ಧಾರವಾಡದ ನ್ಯಾಯಾಲಯಕ್ಕೆ ಬಂದಾಗ ಕರಿಕೋಟು ತೊಟ್ಟವರೇ ಕರಿಕೋಟು ತೊಟ್ಟವರ ವಿರುದ್ಧ ಘೋಷಣೆ ಕೂಗಿದರು. ಹೈಕೋರ್ಟು ಅದನ್ನು ಕಟು ಮಾತುಗಳಲ್ಲಿ ಖಂಡಿಸಿತು. ಕೊನೆಗೆ ಸಂಘ ತನ್ನ ನಿರ್ಣಯದಿಂದ ಹಿಂದೆ ಸರಿಯಬೇಕಾಯಿತು.

ವಿದ್ಯಾರ್ಥಿಗಳಿಗೆ ಮಾರ್ಚ್‌ನಲ್ಲಿ ಸೆಷನ್ಸ್ ನ್ಯಾಯಾಲಯ ಜಾಮೀನು ನಿರಾಕರಿಸಿತು. ಜೂನ್‌ನಲ್ಲಿ ಜಾಮೀನು ಸಿಕ್ಕಿತು. ಅದು ಸಿಕ್ಕಿದ ರೀತಿಯನ್ನು ಗಮನಿಸಬೇಕು. ತೊಂಬತ್ತು ದಿನಗಳೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿರಲಿಲ್ಲ. ಹಾಗೆ ಸಲ್ಲಿಸದಿದ್ದರೆ ಜಾಮೀನು ಕೇಳುವುದು ಬಂಧಿತನ ಹಕ್ಕು. ದೇಶಭಕ್ತಿಯ ಕುರಿತಾದ ಯಾವ ಅಬ್ಬರದ ವಾದವೂ ಅಲ್ಲಿ ಕೆಲಸ ಮಾಡಲಿಲ್ಲ. ಯಾರೋ ಒಬ್ಬರು ಕೂತು ದಿನ ಎಣಿಸಿದ್ದರು, ಸರಿಯಾದ ಹೊತ್ತಿಗೆ ಸರಿಯಾದ ಅರ್ಜಿ ಹಾಕಿದ್ದರು. ವಕೀಲರೇ ಇಲ್ಲದ ಬಂಧಿತನಿಗೆ ದಿನ ಎಣಿಸುವವರು ಯಾರು?

ಪೊಲೀಸರಿಗಾಗಿ ಬಂದ ತೀರ್ಪು

ಬಂಧಿತನಾದ ಪ್ರತಿಯೊಬ್ಬನಿಗೂ ತನಗೆ ಬೇಕಾದ ವಕೀಲರನ್ನು ಕಂಡು ಮಾತನಾಡುವ, ಅವರ ಮೂಲಕ ತನ್ನನ್ನು ಸಮರ್ಥಿಸಿಕೊಳ್ಳುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲಿದೆ. ಅಲ್ಲಿ 'ಒಬ್ಬ ವಕೀಲ' ಎಂದಷ್ಟೇ ಹೇಳಿಲ್ಲ, ಆತನ ಆಯ್ಕೆಯ ವಕೀಲ ಎಂದಿದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಇದಕ್ಕೆ ಹೊಂದಿಕೆಯಾಗಿವೆ. ತಾನು ವೃತ್ತಿ ನಡೆಸುವ ನ್ಯಾಯಾಲಯದಲ್ಲಿ, ಯೋಗ್ಯ ಫೀಸಿಗೆ ಬಂದ ಕೇಸನ್ನು ವಕೀಲರು ಒಪ್ಪಿಕೊಳ್ಳಬೇಕು. ವಿಶೇಷ ಕಾರಣವಿದ್ದರೆ ಮಾತ್ರ ನಿರಾಕರಿಸಬಹುದು. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬ ತನ್ನ ಸ್ವಂತ ಅಭಿಪ್ರಾಯವನ್ನು ಬದಿಗಿಟ್ಟು ಆತನ ಪರ ನಿಲ್ಲಬೇಕು ಎಂದೂ ಆ ನಿಯಮಗಳು ಹೇಳುತ್ತವೆ.

ಹುಬ್ಬಳ್ಳಿಯ ಪ್ರಕರಣದಲ್ಲಿ ವಿದ್ಯಾರ್ಥಿಗಳ ನೆರವಿಗೆ ಬಂದ ತೀರ್ಪು 2010ರದ್ದು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನ ಸುಧಾ ಮಿಶ್ರಾ ಅವರ ಪೀಠ ಆ ವರ್ಷದ ಡಿಸೆಂಬರ್‌ನಲ್ಲಿ, ವಕೀಲರ ಸಂಘಗಳ ಇಂಥ ಎಲ್ಲ ನಿರ್ಣಯಗಳೂ ಅಸಿಂಧು ಎಂದು ಸಾರಿತು. ಆ ಪ್ರಕರಣ ಹುಟ್ಟಿದ್ದು ತಮಿಳುನಾಡಿನ ಕೊಯಮತ್ತೂರಿನಲ್ಲಿ. ಅಲ್ಲಿ ವಕೀಲರಿಗೂ ಪೊಲೀಸರಿಗೂ ಸಂಘರ್ಷವಾಗಿ, ಆರೋಪಿಗಳಾದ ಪೊಲೀಸರ ಪರ ಯಾರೂ ನಿಲ್ಲಬಾರದೆಂದು ವಕೀಲರ ಸಂಘ ನಿರ್ಣಯಿಸಿತ್ತು.

ಅಂದರೆ ಪೊಲೀಸರಿಗೆ ವಕೀಲರು ಸಿಗದೆ ಹೋದ ಪ್ರಕರಣದಲ್ಲಿ ಬಂದ ಮಾತು, ಹತ್ತು ವರ್ಷಗಳ ನಂತರ, ಪೊಲೀಸರು ಬಂಧಿಸಿದ ಮೂವರು ಹುಡುಗರ ಕೈ ಹಿಡಿಯಿತು. ಅಂದು ಕೊಯಮತ್ತೂರಿನಲ್ಲಿ ಪೊಲೀಸರ ಮೇಲಿನ ಸಿಟ್ಟಿನಿಂದ ನ್ಯಾಯಾಲಯವೂ ಆ ನಿರ್ಣಯವನ್ನು ಹೌದೆಂದಿದ್ದರೆ ಹುಬ್ಬಳ್ಳಿಯಲ್ಲಿ ಹಿಡಿದುಕೊಳ್ಳಲು ಏನೂ ಇರುತ್ತಿರಲಿಲ್ಲ. ನಮಗೆ ಆಗದವರಿಗಾಗಿ ಉಳಿಸಿಟ್ಟ ಹಕ್ಕೇ ನಾಳೆ ನಮ್ಮ ಮನೆಯ ಮಗನಿಗೆ ಒದಗುತ್ತದೆ. ವಕೀಲರನ್ನು ಆರಿಸುವ ಸ್ವಾತಂತ್ರ್ಯದ ಬುನಾದಿ ಇದು.

ತಪ್ಪು ಮಾಡಿದವನ ಪರ ಏಕೆ ನಿಲ್ಲಬೇಕು?

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪ ಇದೆ. ಕಣ್ಣೆದುರಿಗೆ ಪಾತಕ ಕಾಣುತ್ತಿರುವಾಗ, ಊರಿಗೆ ಊರೇ ಅಳುತ್ತಿರುವಾಗ, ಅದನ್ನು ಮಾಡಿದವನ ಪರ ಮಾತನಾಡುವುದು ಪಾಪವಲ್ಲವೇ? ಆತ್ಮಸಾಕ್ಷಿ ಇರುವ ವಕೀಲರು ಅದನ್ನು ಒಲ್ಲೆ ಎಂದರೆ ತಪ್ಪೇನು?

ಒಬ್ಬ ವಕೀಲರು ತಮ್ಮ ಮಟ್ಟಿಗೆ, ತಕ್ಕ ಕಾರಣವಿದ್ದು ಒಲ್ಲೆ ಎನ್ನುವುದು ಬೇರೆ. ಒಂದು ಸಂಘ ತನ್ನ ಎಲ್ಲ ಸದಸ್ಯರ ಬಾಯಿ ಕಟ್ಟುವುದು ಬೇರೆ. ಮೊದಲನೆಯದು ಒಬ್ಬರ ಆತ್ಮಸಾಕ್ಷಿಯ ಮಾತು. ಎರಡನೆಯದರಲ್ಲಿ ಉಳಿದವರ ಆತ್ಮಸಾಕ್ಷಿಗೆ ಜಾಗವೇ ಇಲ್ಲ. ಜೊತೆಗೆ ಅದು ವಿಚಾರಣೆಗೆ ಮುಂಚೆಯೇ ಕೊಟ್ಟ ತೀರ್ಪು. ಆತ ತಪ್ಪಿತಸ್ಥನೆಂದು ಕೋರ್ಟು ಹೇಳುವ ಮೊದಲೇ ಸಂಘ ಹೇಳಿಬಿಟ್ಟಂತಾಯಿತು.

1792ರಲ್ಲಿ ಇಂಗ್ಲೆಂಡಿನಲ್ಲಿ 'ಮಾನವನ ಹಕ್ಕುಗಳು' ಎಂಬ ಕೃತಿಗಾಗಿ ಥಾಮಸ್ ಪೇನ್ ಮೇಲೆ ರಾಜದ್ರೋಹದ ಮೊಕದ್ದಮೆ ನಡೆಯಿತು. ಥಾಮಸ್ ಅರ್ಸ್ಕಿನ್ ಆತನ ವಕೀಲ. ಅರ್ಸ್ಕಿನ್ ಆಗ ಯುವರಾಜನ ಅಟಾರ್ನಿ ಜನರಲ್ ಆಗಿದ್ದರು. ಕೇಸು ಬಿಡಿ ಎಂಬ ಒತ್ತಡಕ್ಕೆ ಅವರು ಮಣಿಯಲಿಲ್ಲ. ಆ ಹುದ್ದೆ ಹೋಯಿತು, ಕೇಸೂ ಸೋತರು. ಆದರೂ ಎರಡು ಶತಮಾನಗಳ ನಂತರ ಭಾರತದ ಸುಪ್ರೀಂ ಕೋರ್ಟು ಕೊಯಮತ್ತೂರಿನ ಪ್ರಕರಣದಲ್ಲಿ ನೆನೆದದ್ದು ಅವರನ್ನೇ. ಗೆದ್ದವರು ಮಾತ್ರ ಒಳ್ಳೆಯ ವಕೀಲರಾಗಿದ್ದರೆ ಅರ್ಸ್ಕಿನ್ ಹೆಸರು ಯಾರಿಗೂ ನೆನಪಿರಬಾರದಿತ್ತು.

ನಮ್ಮ ಕಾಲದ ಉದಾಹರಣೆಯೂ ಇದೆ. 2008ರ ನವೆಂಬರ್ 26ರ ಮುಂಬಯಿ ದಾಳಿಯ ನಂತರ ಅಜ್ಮಲ್ ಕಸಬ್‌ಗೆ ಯಾರೂ ವಕೀಲರಾಗಬಾರದೆಂಬ ಕೂಗು ಎದ್ದಿತ್ತು. ನ್ಯಾಯಾಲಯ ವಕೀಲರನ್ನು ಕೊಟ್ಟೇ ವಿಚಾರಣೆ ನಡೆಸಿತು. ಸುಪ್ರೀಂ ಕೋರ್ಟಿನಲ್ಲಿ ರಾಜು ರಾಮಚಂದ್ರನ್ ಅವರಂಥ ಹಿರಿಯ ವಕೀಲರು ಆತನ ಪರ ವಾದ ಮಂಡಿಸಿದರು. ಕಸಬ್‌ಗೆ ಶಿಕ್ಷೆ ಆಯಿತು. ಅದೇ ವಿಚಾರಣೆಯಲ್ಲಿ ಆರೋಪಿಗಳಾಗಿದ್ದ ಇಬ್ಬರು ಭಾರತೀಯರು 2010ರಲ್ಲಿ ಖುಲಾಸೆಯಾದರು. ಅವರ ಖುಲಾಸೆಯನ್ನು 2012ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಅವರಲ್ಲೊಬ್ಬರ ವಕೀಲರಾಗಿದ್ದ ಶಾಹಿದ್ ಅಝ್ಮಿ ಆ ತೀರ್ಪು ಕೇಳಲು ಇರಲಿಲ್ಲ. 2010ರ ಫೆಬ್ರವರಿ 11ರಂದು ಮುಂಬಯಿಯ ಕುರ್ಲಾದಲ್ಲಿ, ತಮ್ಮ ಕಚೇರಿಯಲ್ಲೇ ಅವರು ಗುಂಡಿಗೆ ಬಲಿಯಾಗಿದ್ದರು. ಆ ಮೊಕದ್ದಮೆಯಲ್ಲಿ ಯಾರಿಗೂ ವಕೀಲರು ಬೇಡ ಎಂಬ ಕೂಗು ಗೆದ್ದಿದ್ದರೆ, ಅಪರಾಧಿಯ ಜೊತೆಗೆ ಆ ಇಬ್ಬರೂ ಮುಳುಗಿ ಹೋಗುತ್ತಿದ್ದರು. ಕಟಕಟೆಯಲ್ಲಿ ಅಕ್ಕಪಕ್ಕ ನಿಂತವರಲ್ಲಿ ಯಾರು ಅಪರಾಧಿ, ಯಾರು ನಿರಪರಾಧಿ ಎಂದು ಬೇರ್ಪಡಿಸಿದ್ದು ವಿಚಾರಣೆ. ಎರಡೂ ಕಡೆ ವಕೀಲರಿಲ್ಲದಿದ್ದರೆ ಅದನ್ನು ವಿಚಾರಣೆ ಎನ್ನಲಾಗುವುದಿಲ್ಲ.

ವಕೀಲರು ಕೃತ್ಯದ ಪರ ನಿಲ್ಲುವುದಿಲ್ಲ, ಮನುಷ್ಯನ ಪರ ನಿಲ್ಲುತ್ತಾರೆ. ಆತನ ಮಾತನ್ನು ಕಾನೂನಿನ ಭಾಷೆಯಲ್ಲಿ ಹೇಳುತ್ತಾರೆ, ಆತನ ವಿರುದ್ಧದ ಸಾಕ್ಷ್ಯವನ್ನು ಒರೆಗೆ ಹಚ್ಚುತ್ತಾರೆ. ಆತ ನಿಜವಾಗಿ ತಪ್ಪಿತಸ್ಥನಾಗಿದ್ದರೆ ಹೀಗೆ ಒರೆಗೆ ಹಚ್ಚಿಯೂ ಉಳಿದ ಸಾಕ್ಷ್ಯದ ಮೇಲೆ ಶಿಕ್ಷೆಯಾಗುತ್ತದೆ. ಅಂಥ ಶಿಕ್ಷೆಯ ಬಗ್ಗೆ ಯಾರೂ ಅನುಮಾನ ಪಡಬೇಕಾಗಿಲ್ಲ.

ನಮ್ಮವರಿಗಾಗಿ ವಾದಿಸಬಾರದ ಸಂದರ್ಭ

ಇಷ್ಟು ಹೇಳಿ ನಿಲ್ಲಿಸಿದರೆ ಮಾತು ಅರ್ಧವಾಗುತ್ತದೆ. ಹುಬ್ಬಳ್ಳಿಯ ವಕೀಲರ ಸಂಘವನ್ನು ಟೀಕಿಸುವುದು ನಮಗೆ ಸುಲಭ. ನಮ್ಮ ಊರಿನಲ್ಲೇ ಒಬ್ಬ ಹೆಣ್ಣುಮಗಳ ಕೊಲೆಯಾಗಿ, ಕೊಲೆಗಾರನೆಂದು ಒಬ್ಬನನ್ನು ಹಿಡಿದಾಗ, ಇವನಿಗೆ ಯಾರೂ ವಕೀಲರಾಗಬಾರದು ಎಂಬ ಮಾತು ನಮ್ಮ ಬಾಯಲ್ಲೂ ಬರುವುದಿಲ್ಲವೇ? ಅದೇ ಆರೋಪಿ ನಮ್ಮ ಸಮುದಾಯದವನಾದರೆ ಹೇಗಾದರೂ ಮಾಡಿ ಬಿಡಿಸಿ ಎನ್ನುವವರೂ ನಮ್ಮಲ್ಲಿದ್ದಾರೆ. ಮೊದಲನೆಯವರಿಗೆ ವಕೀಲರೇ ಬೇಡ, ಎರಡನೆಯವರಿಗೆ ಸತ್ಯವೇ ಬೇಡ.

ಪವಿತ್ರ ಕುರ್‌ಆನಿನ ನಾಲ್ಕನೆಯ ಅಧ್ಯಾಯದಲ್ಲಿ (ಅನ್ನಿಸಾ) ವಂಚಕರ ಪರವಾಗಿ ವಾದಿಸಬಾರದೆಂಬ ಆದೇಶ ಇದೆ. ಅದರ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಒಂದು ಘಟನೆ ಹೇಳುತ್ತಾರೆ. ಮದೀನಾದ ಬನೂ ಉಬೈರಿಕ್ ಕುಟುಂಬದ ಒಬ್ಬ, ಇನ್ನೊಬ್ಬರ ಯುದ್ಧಕವಚ ಕದ್ದಿದ್ದ. ಸಿಕ್ಕಿಬೀಳುವ ಹೊತ್ತಿಗೆ ಆ ಕಳವಿನ ಆರೋಪ ಒಬ್ಬ ಯಹೂದಿಯ ತಲೆಗೆ ಬಂತು. ಕದ್ದವನ ಬಂಧುಗಳು ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಬಂದು ತಮ್ಮವನ ಪರ ವಾದಿಸಿದರು. ಮುಸ್ಲಿಮನೆಂದು ಕರೆಸಿಕೊಂಡವನ ಮಾತಿಗೂ ಯಹೂದಿಯ ಮಾತಿಗೂ ನಡುವೆ ನಿಂತಾಗ, ದೇವವಾಣಿ ಆ ಯಹೂದಿಯ ನಿರಪರಾಧವನ್ನು ಎತ್ತಿಹಿಡಿಯಿತು. ನಮ್ಮವನು ಎಂಬ ಒಂದೇ ಕಾರಣಕ್ಕೆ ವಾದ ಹೂಡುವವರಿಗೆ ಇದಕ್ಕಿಂತ ಕಟುವಾದ ಎಚ್ಚರಿಕೆ ಬೇಕೇ?

ವಾಕ್ಚಾತುರ್ಯದ ಬಗೆಗೂ ಪ್ರವಾದಿವರ್ಯ(ಸ)ರ ಎಚ್ಚರಿಕೆ ಇದೆ. ಬುಖಾರಿ ಮತ್ತು ಮುಸ್ಲಿಮ್ ಇಬ್ಬರೂ ವರದಿ ಮಾಡಿರುವ ಹದೀಸಿನ ಸಾರಾಂಶ ಹೀಗಿದೆ. ತಾನೂ ಮನುಷ್ಯ, ಕೇಳಿದ್ದರ ಆಧಾರದ ಮೇಲೆ ತೀರ್ಪು ಕೊಡುವವನು. ಕಕ್ಷಿಗಳಲ್ಲಿ ಒಬ್ಬ ಇನ್ನೊಬ್ಬನಿಗಿಂತ ವಾದದಲ್ಲಿ ಚತುರನಿರಬಹುದು. ಹಾಗೆ ಸೋದರನ ಹಕ್ಕನ್ನು ತೀರ್ಪಿನ ಮೂಲಕ ಪಡೆದವನು ಪಡೆದದ್ದು ಬೆಂಕಿಯ ತುಂಡು. ಪ್ರವಾದಿಯ ಮುಂದೆ ಗೆದ್ದ ಕೇಸು ಕೂಡ ಸುಳ್ಳಾಗಿದ್ದರೆ ಗೆದ್ದವನನ್ನು ಕಾಪಾಡುವುದಿಲ್ಲ. ಹಾಗಿರುವಾಗ ಹುಬ್ಬಳ್ಳಿಯ ಕೋರ್ಟಿನಲ್ಲೋ ಧಾರವಾಡದ ಪೀಠದಲ್ಲೋ ಗೆದ್ದ ಸುಳ್ಳು ಕೇಸು ಕಾಪಾಡೀತೇ?

ಈ ಎರಡು ಮಾತುಗಳನ್ನು ವಕೀಲರಿಲ್ಲದ ವಿಚಾರಣೆಗೆ ಸಮರ್ಥನೆಯಾಗಿ ಬಳಸುವಂತಿಲ್ಲ. ಆ ಯಹೂದಿಯ ಪ್ರಕರಣವೇ ಹೇಳುವಂತೆ, ಊರೆಲ್ಲ ಒಂದಾಗಿ ಬೆರಳು ತೋರಿಸಿದವನೂ ನಿರಪರಾಧಿಯಾಗಿರಬಹುದು. ಈ ಮಾತುಗಳು ಎಚ್ಚರಿಸುವುದು ಸುಳ್ಳಿನ ವಿರುದ್ಧ. ಆರೋಪಿಯ ಪರ ನಿಂತು ಸಾಕ್ಷ್ಯ ಪರೀಕ್ಷಿಸುವುದು ನ್ಯಾಯದ ಕೆಲಸ. ಸುಳ್ಳು ಸಾಕ್ಷಿ ತಂದು ನಿಲ್ಲಿಸುವುದು ನ್ಯಾಯದ ಕಳವು. ಒಳ್ಳೆಯ ವಕೀಲರಿಗೆ ಈ ಗೆರೆ ಎಲ್ಲಿದೆಯೆಂದು ಗೊತ್ತಿರುತ್ತದೆ. ಕಕ್ಷಿದಾರನಿಗೂ ಗೊತ್ತಿರಬೇಕು.

ನಂಬಿಕೆಯ ಹೆಸರು ವಕಾಲತ್ತು

ನಾವು ದಿನವೂ ಬಳಸುವ ವಕೀಲ, ವಕಾಲತ್ತು ಎಂಬ ಪದಗಳು ಅರಬಿ ಮೂಲದವು. ಯಾರಿಗೆ ನಾವು ನಮ್ಮ ಕೆಲಸವನ್ನು ನಂಬಿ ಒಪ್ಪಿಸುತ್ತೇವೋ ಅವರು ವಕೀಲರು. ಈ ನಂಬಿಕೆಯನ್ನು ಎಲ್ಲಿ ಇಡಬೇಕು ಎಂಬುದೇ ಆಯ್ಕೆಯ ಪ್ರಶ್ನೆ.

ನಮ್ಮವರನ್ನೇ ಹುಡುಕುವ ಅಭ್ಯಾಸಕ್ಕೆ ಕಾರಣಗಳಿಲ್ಲದಿಲ್ಲ. ಹೆದರಿದವನು ತನ್ನ ಭಾಷೆ ಬಲ್ಲವರನ್ನು, ತನ್ನ ಮನೆಯ ರೀತಿನೀತಿ ಅರಿತವರನ್ನು ಬಯಸುವುದು ಸಹಜ. ಹುಬ್ಬಳ್ಳಿಯ ನಿರ್ಣಯದಂಥವು ಆ ಹೆದರಿಕೆಯನ್ನು ಇನ್ನಷ್ಟು ಬೆಳೆಸುತ್ತವೆ. ಆದರೆ ನಂಬಿಕೆಗೆ ಹೆಸರಿನ ಆಧಾರ ಸಾಲದು. 1893ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಪಾರಿ ದಾದಾ ಅಬ್ದುಲ್ಲಾ, ತನ್ನ ಬಂಧುವಾಗಿದ್ದ ತಯ್ಯಬ್ ಶೇಠ್ ಮೇಲೆ ಹೂಡಿದ್ದ ದೊಡ್ಡ ಮೊತ್ತದ ದಾವೆಯಲ್ಲಿ ನೆರವಾಗಲು ಪೋರಬಂದರಿನ ನಂಟಿನಿಂದ ಒಬ್ಬ ಯುವ ಬ್ಯಾರಿಸ್ಟರನ್ನು ಕರೆಸಿಕೊಂಡರು. ಅದು ಮೋಹನದಾಸ ಗಾಂಧಿ. ಇಬ್ಬರ ಧರ್ಮ ಬೇರೆ, ಲೆಕ್ಕಪತ್ರಗಳ ಭಾಷೆ ಮಾತ್ರ ಒಂದೇ, ಗುಜರಾತಿ. ಗಾಂಧಿ ಆ ಪತ್ರಗಳನ್ನೆಲ್ಲ ಓದಿದರು. ಕೇಸು ಗಟ್ಟಿಯಾಗಿದೆ ಎಂದು ಕಂಡರೂ, ಎಳೆದಾಡಿದರೆ ಎರಡೂ ಮನೆಗಳು ಹಾಳಾಗುತ್ತವೆ ಎಂದು ತಿಳಿದು ಪಂಚಾಯಿತಿಗೆ ಒಪ್ಪಿಸಿದರು. ದಾದಾ ಅಬ್ದುಲ್ಲಾ ಗೆದ್ದರು. ಆಮೇಲೆ, ಸೋತವರು ದಿವಾಳಿಯಾಗದಂತೆ ಕಂತುಗಳಲ್ಲಿ ಹಣ ಪಡೆಯಲು ಗೆದ್ದವರನ್ನೇ ಗಾಂಧಿ ಒಪ್ಪಿಸಿದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆಯನ್ನು ಆ ವಕೀಲರು ಸುಳ್ಳು ಮಾಡಿದರು.

ಗೋಕುಲ ರಸ್ತೆಯ ಪ್ರಕರಣದಲ್ಲೂ, ಬೆಂಗಳೂರಿನಿಂದ ಬಂದವರಿಗೆ ಆ ಹುಡುಗರ ಜೊತೆ ಊರಿನ ನಂಟಿರಲಿಲ್ಲ. ಅವರನ್ನು ಕರೆತಂದದ್ದು ವೃತ್ತಿಧರ್ಮ.

ಹೇಗೆ ಆರಿಸಿಕೊಳ್ಳಬೇಕು?

ಹಾಗಾದರೆ ಗೋಕುಲ ರಸ್ತೆಯ ಕಾರ್ಖಾನೆಯ ಕೆಲಸಗಾರ, ಅಂಗಡಿಯವ, ಗೃಹಿಣಿ ತಮಗೆ ಬೇಕಾದ ವಕೀಲರನ್ನು ಹುಡುಕುವುದು ಹೇಗೆ? ಭಾರತದಲ್ಲಿ ವಕೀಲರು ಜಾಹೀರಾತು ಕೊಟ್ಟು ಕೇಸು ಸೆಳೆಯುವಂತಿಲ್ಲ. ಹಾಗಾಗಿ ನಾವು ಬಾಯಿಮಾತನ್ನು ನೆಚ್ಚುತ್ತೇವೆ. ಠಾಣೆಯ ಬಾಗಿಲಲ್ಲಿ, ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ತಾನಾಗಿ ಬಂದು ಹೆಸರು ಸೂಚಿಸುವವನ ಬಗ್ಗೆ ಎಚ್ಚರ ಇರಲಿ. ಆತ ದಲ್ಲಾಳಿಯಾಗಿರಬಹುದು. ಅಂಥ ದಲ್ಲಾಳಿತನ ಕಾನೂನಿನ ಪ್ರಕಾರ ಅಪರಾಧ. ಇಂಥದೇ ಕೇಸು ನಡೆಸಿ ಮುಗಿಸಿದ ಇಬ್ಬರು ಮೂವರು ಕಕ್ಷಿದಾರರನ್ನು ಕೇಳುವುದು ಉತ್ತಮ. ಅವರು ಗೆದ್ದರೇ ಎಂದಷ್ಟೇ ಕೇಳಬೇಡಿ. ವಕೀಲರು ತಾರೀಖಿಗೆ ಬರುತ್ತಿದ್ದರೇ, ಏನು ನಡೆಯುತ್ತಿದೆಯೆಂದು ತಿಳಿಸುತ್ತಿದ್ದರೇ ಎಂದು ಕೇಳಿ.

ಕೇಸಿನ ಜಾತಿ ನೋಡಿ, ವಕೀಲರ ಜಾತಿ ನೋಡಬೇಡಿ. ಜಾಮೀನಿನ ಕೆಲಸ ಬಲ್ಲವರು ಪಾಲುಪಟ್ಟಿಯ ದಾವೆಯಲ್ಲಿ ಪಳಗಿರಬೇಕೆಂದಿಲ್ಲ. ವಕ್ಫ್ ನ್ಯಾಯಮಂಡಳಿ, ಕಾರ್ಮಿಕ ನ್ಯಾಯಾಲಯ, ಕೌಟುಂಬಿಕ ನ್ಯಾಯಾಲಯ ಪ್ರತಿಯೊಂದರ ದಾರಿಯೂ ಬೇರೆ. ಮೇಲ್ಮನವಿಗೆ ಈ ಭಾಗದವರು ಈಗ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. 2008ರಲ್ಲಿ ಧಾರವಾಡಕ್ಕೆ ಬಂದ ಹೈಕೋರ್ಟಿನ ಸಂಚಾರಿ ಪೀಠ 2013ರಲ್ಲಿ ಖಾಯಂ ಆಗಿದೆ.

ಮೊದಲ ಭೇಟಿಯಲ್ಲೇ ಕೆಲವು ಪ್ರಶ್ನೆ ಕೇಳಬೇಕು. ಈ ಕೇಸಿನಲ್ಲಿ ನನ್ನ ದೌರ್ಬಲ್ಯ ಏನು? ರಾಜಿಗೆ ದಾರಿ ಇದೆಯೇ? ಕೋರ್ಟಿಗೆ ಬರುವವರು ನೀವೋ, ನಿಮ್ಮ ಕಿರಿಯರೋ? ಫೀಸು ಎಷ್ಟು, ಯಾವ ಹಂತದಲ್ಲಿ? ಎದುರು ಪಕ್ಷದವರ ಜೊತೆ ನಿಮಗೆ ಸಂಬಂಧವಿದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಹೇಳುವುದು ವಕೀಲರ ಕರ್ತವ್ಯವೆಂದು ವೃತ್ತಿ ನಿಯಮಗಳೇ ಹೇಳುತ್ತವೆ. ಖಂಡಿತ ಗೆಲ್ಲಿಸಿಕೊಡುತ್ತೇನೆ ಎಂದು ಮೊದಲ ದಿನವೇ ಮಾತು ಕೊಡುವವರಿಗಿಂತ, ನಿಮ್ಮ ಪತ್ರ ಓದಿ ಇಲ್ಲಿ ನಿಮ್ಮ ಕಡೆ ತಪ್ಪಿದೆ ಎನ್ನುವವರು ಮೇಲು. ಗೆದ್ದರೆ ಇಷ್ಟು ಪಾಲು ಕೊಡಿ ಎಂದು ಕೇಳುವುದು ನಿಯಮಕ್ಕೆ ವಿರುದ್ಧ. ಜಡ್ಜರಿಗೆ ಕೊಡಬೇಕು ಎಂದು ಹಣ ಕೇಳುವವರ ಮುಂದೆ ಮತ್ತೊಂದು ಕ್ಷಣವೂ ಕೂರಬಾರದು.

ವಕಾಲತ್ತುನಾಮೆಗೆ ಓದದೆ ಸಹಿ ಹಾಕುವುದು ನಮ್ಮ ದೊಡ್ಡ ಚಟ. ರಾಜಿ ಮಾಡಿಕೊಳ್ಳುವ, ಹಣ ಪಡೆಯುವ ಅಧಿಕಾರವನ್ನೂ ಅದರಲ್ಲಿ ಕೊಟ್ಟಿರುವುದು ಸಾಮಾನ್ಯ. ಬೇಡವಾದ ಅಧಿಕಾರವನ್ನು ತೆಗೆಸಬಹುದು. ಮೂಲ ಕಾಗದಪತ್ರದ ನಕಲು ಇಟ್ಟುಕೊಳ್ಳಿ, ಕೊಟ್ಟ ಹಣಕ್ಕೆ ರಸೀದಿ ಕೇಳಿ. ಪ್ರತಿ ಕೇಸಿಗೂ ಹದಿನಾರು ಅಂಕಿ ಅಕ್ಷರಗಳ ಒಂದು ಸಿಎನ್‌ಆರ್ ಸಂಖ್ಯೆ ಇದೆ. ಅದನ್ನು ಇ-ಕೋರ್ಟ್ಸ್ ತಾಣದಲ್ಲಿ ಹಾಕಿದರೆ ಮುಂದಿನ ತಾರೀಖು, ಹಿಂದಿನ ಆದೇಶ ಎರಡನ್ನೂ ಮೊಬೈಲಿನಲ್ಲೇ ನೋಡಬಹುದು. ನಂಬಿಕೆ ಹೋದರೆ ವಕೀಲರನ್ನು ಬದಲಾಯಿಸುವ ಹಕ್ಕು ನಿಮಗಿದೆ. ಫೀಸು ಬಾಕಿ ಎಂಬ ಕಾರಣಕ್ಕೆ ಕೇಸಿನ ಕಾಗದಪತ್ರಗಳನ್ನು ವಕೀಲರು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ದುರ್ನಡತೆಗೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಆದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗಲಾಗದು. ವಕೀಲರ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಅಂಗಡಿಯ ಸರಕಿನಂತೆ ಕೊಂಡು ಸರಿಯಿಲ್ಲವೆಂದು ಹಿಂತಿರುಗಿಸುವ ವಸ್ತು ಇದಲ್ಲವಾದ್ದರಿಂದ, ಆರಿಸುವಾಗಲೇ ಎಚ್ಚರ ಹೆಚ್ಚಿರಬೇಕು.

ಹಣವಿಲ್ಲದವರು ಏನು ಮಾಡಬೇಕು? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಲು ಅರ್ಹರು. ಕಡಿಮೆ ಆದಾಯದ ಉಳಿದವರಿಗೂ ಅವಕಾಶವಿದೆ. 15100 ಸಂಖ್ಯೆಗೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ. ತಲಾಖಿನ ನಂತರ ಜೀವನಾಂಶಕ್ಕೆ ಅಲೆಯುವ ನಮ್ಮ ಎಷ್ಟೋ ಸಹೋದರಿಯರಿಗೆ, ಹೆಣ್ಣೆಂಬ ಒಂದೇ ಕಾರಣಕ್ಕೆ ತಾವು ಇದಕ್ಕೆ ಅರ್ಹರು ಎಂಬುದು ಗೊತ್ತಿಲ್ಲ. ಜುಮಾ ದಿನ ಮಸೀದಿಯ ಸೂಚನಾ ಫಲಕದಲ್ಲಿ ಈ ಒಂದು ಸಂಖ್ಯೆ ಬರೆದುಹಾಕಲು ಜಮಾಅತಿಗೆ ಏನು ಖರ್ಚು?

ಕಕ್ಷಿದಾರನ ಋಣ

ಆಯ್ಕೆ ಮುಗಿದ ಮೇಲೆ ಕಕ್ಷಿದಾರನ ಕರ್ತವ್ಯ ಶುರುವಾಗುತ್ತದೆ. ಡಾಕ್ಟರ ಹತ್ತಿರವೂ ವಕೀಲರ ಹತ್ತಿರವೂ ಸುಳ್ಳು ಹೇಳಬಾರದೆಂಬ ಹಿರಿಯರ ಮಾತು ಸುಮ್ಮನೆ ಬಂದದ್ದಲ್ಲ. ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ವಕೀಲರು ಬಹಿರಂಗ ಮಾಡುವಂತಿಲ್ಲ. ಸಾಕ್ಷ್ಯದ ಕಾನೂನು ಆ ಗುಟ್ಟನ್ನು ಕಾಯುತ್ತದೆ. ಮುಂದೆ ಮಾಡಬೇಕೆಂದಿರುವ ಅಪರಾಧಕ್ಕೆ ಮಾತ್ರ ಆ ಕಾವಲಿಲ್ಲ. ಮಾಡಿದ್ದನ್ನು ಹೇಳಿಕೊಳ್ಳಲು ಜಾಗವಿದೆ, ಮೋಸದ ಸಂಚು ಹೂಡಲು ಇಲ್ಲ ಎಂದಾಯಿತು. ವಕೀಲರ ಬಳಿ ಸತ್ಯ ಹೇಳಿ, ಅವರಿಂದ ಸತ್ಯ ಕೇಳಿ, ಸುಳ್ಳು ಸಾಕ್ಷಿ ಬೇಡ ಎನ್ನುವುದು ಆ ನಂಬಿಕೆಯ ಬೆಲೆ.

ನಮಗೆ ಒಳ್ಳೆಯ ವಕೀಲರು ಬೇಕೆಂದರೆ, ಊರಿನಲ್ಲಿ ನಿರ್ಭಯವಾಗಿ ಯಾರ ಪರವಾದರೂ ನಿಲ್ಲಬಲ್ಲ ವಕೀಲರಿರಬೇಕು. ಅಂಥವರು ಇರಬೇಕೆಂದರೆ, ಅವರು ನಮಗೆ ಸಹಿಸಲಾಗದ ಆರೋಪಿಯ ಪರ ನಿಂತ ದಿನ ನಾವು ಅವರ ಮೇಲೆ ಕಲ್ಲೆತ್ತಬಾರದು, ಅವರ ಮನೆಯ ಮದುವೆಗೆ ಹೋಗದೆ ಇರಬಾರದು, ನೀವೂ ಹಾಗೆಯೇ ಎಂದು ಮೂದಲಿಸಬಾರದು. ಆ ದಿನ ನಾವು ತಾಳಿಕೊಂಡರೆ ಮಾತ್ರ, ನಮ್ಮ ಮಗನ ಹೆಸರು ಪೊಲೀಸ್ ಠಾಣೆಯ ಪುಸ್ತಕದಲ್ಲಿ ಬರೆದ ರಾತ್ರಿ ಬಾಗಿಲು ತಟ್ಟಲು ಒಂದು ಮನೆ ಉಳಿದಿರುತ್ತದೆ.